ಇಂಗ್ಲಿಷ್ ಪರೀಕ್ಷೆಯೂ ನಮ್ಮ ಓದೂ

ದೇವನಹಳ್ಳಿಯಿಂದ ಏರುವ ವಿಮಾನಗಳು ನಮ್ಮ ದೊಡ್ಡಬಳ್ಳಾಪುರದ ಕಡೆಯ ಆಕಾಶದಲ್ಲಿ ದಿನವೂ ಕಾಣಿಸುತ್ತವೆ. ಸದ್ದು ಕೇಳಿ ತಲೆಯೆತ್ತಿ ನೋಡುವುದನ್ನು ನಾವು ಎಂದೋ ಬಿಟ್ಟಿದ್ದೇವೆ. ಆದರೆ ಅವುಗಳಲ್ಲಿ ಕುಳಿತು ಹೊರದೇಶಕ್ಕೆ ಓದಲು ಹೋಗುವುದು ನಮ್ಮಂಥವರಿಗಲ್ಲ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಇದಕ್ಕೆ ಹಣದ ಅಡ್ಡಿ ಒಂದು ಕಾರಣ. ಅದು ನಿಜವಾದ ಅಡ್ಡಿಯೇ ಸರಿ. ಇನ್ನೊಂದು, ಇಂಗ್ಲಿಷಿನ ಭಯ. ಈ ಎರಡನೆಯದು ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ಕಳೆದ ಕೆಲವು ತಿಂಗಳಲ್ಲಿ ನಾನೇ ಪರೀಕ್ಷಿಸಿ ನೋಡಿದೆ. ಆ ಅನುಭವವನ್ನು ಸಹಪಾಠಿಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ. ಇದು ಪಂಡಿತರ ಬರಹವಲ್ಲ. ಮಗ್ಗದ ಮನೆಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವಳ ಮಾತು. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಹೊರದೇಶದ ವಿಶ್ವವಿದ್ಯಾಲಯಗಳು ಕೇಳುವ ಇಂಗ್ಲಿಷ್ ಪರೀಕ್ಷೆಗಳಲ್ಲಿ ಎರಡು ಹೆಸರಾದುವು. ಅಮೆರಿಕದ ಟೋಫೆಲ್ 1964ರಿಂದ ನಡೆಯುತ್ತಿದೆ, ಐ.ಇ.ಎಲ್.ಟಿ.ಎಸ್. ಎಂಬುದು 1989ರಲ್ಲಿ ಆರಂಭವಾಯಿತು. ನಾನು ಅಭ್ಯಾಸ ಮಾಡಿದ್ದು ಎರಡನೆಯದನ್ನು. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ವಿಭಾಗಗಳುಂಟು. ವ್ಯಾಸಂಗಕ್ಕಾಗಿ ಹೋಗುವವರ ಓದುವ ವಿಭಾಗದಲ್ಲಿ ಮೂರು ದೀರ್ಘ ಗದ್ಯಭಾಗಗಳು, 40 ಪ್ರಶ್ನೆಗಳು, 60 ನಿಮಿಷಗಳ ಕಾಲ. ಮೂರು ಗದ್ಯಭಾಗಗಳೂ ಸೇರಿ 2,150ರಿಂದ 2,750 ಪದಗಳಾಗುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಫಲಿತಾಂಶವನ್ನು 9ರವರೆಗಿನ ಶ್ರೇಣಿಯಲ್ಲಿ ಕೊಡುತ್ತಾರೆ. ಸುಮಾರು 23 ಉತ್ತರಗಳು ಸರಿಯಾದರೆ 6, ಸುಮಾರು 30 ಸರಿಯಾದರೆ 7.

ಈ ನಾಲ್ಕು ವಿಭಾಗಗಳಲ್ಲಿ ನಮಗೆ ಹೆಚ್ಚು ಅನುಕೂಲವಾದದ್ದು ಓದುವ ವಿಭಾಗವೇ ಎಂದು ನನ್ನ ಅಭಿಪ್ರಾಯ. ಮಾತನಾಡುವಾಗ ಎದುರಿಗೆ ಪರೀಕ್ಷಕರಿರುತ್ತಾರೆ; ನಾಲಿಗೆ ತೊಡರುತ್ತದೆ. ಕೇಳುವಾಗ ಧ್ವನಿ ಒಮ್ಮೆ ಹೋದರೆ ಹೋಯಿತು. ಹಾಳೆಯಾದರೋ ಅಲ್ಲಿಯೇ ಇರುತ್ತದೆ. ನೀವು ಯಾವ ಶಾಲೆಯಲ್ಲಿ ಓದಿದಿರಿ, ನಿಮ್ಮ ಉಚ್ಚಾರಣೆ ಎಂಥದು ಎಂದು ಅದು ಕೇಳುವುದಿಲ್ಲ.

ಹೀಗೆಂದು ನಾನು ಮೊದಲ ದಿನವೇ ಗೆದ್ದೆನೆಂದಲ್ಲ. ಗಡಿಯಾರವನ್ನು ಮುಂದಿಟ್ಟುಕೊಂಡು ಮಾದರಿ ಪತ್ರಿಕೆಗೆ ಕುಳಿತಾಗ ಗಂಟೆ ಮುಗಿಯುವಷ್ಟರಲ್ಲಿ ಎರಡನೆಯ ಗದ್ಯಭಾಗದ ನಡುವಿನಲ್ಲಿದ್ದೆ. ಸರಿಯಾದ ಉತ್ತರಗಳು ಕೇವಲ 11. ಪದಗಳು ತಿಳಿಯಲಿಲ್ಲವೆಂದುಕೊಂಡೆ. ತಪ್ಪುಗಳನ್ನು ಒಂದೊಂದಾಗಿ ನೋಡಿದಾಗ ಬೇರೆಯೇ ಸಂಗತಿ ತಿಳಿಯಿತು. ಅನೇಕ ಕಡೆ ಪದಗಳೆಲ್ಲ ಗೊತ್ತಿದ್ದುವು. ಆದರೆ ಹಾಳೆಯಲ್ಲಿ ಇಲ್ಲದ್ದನ್ನು ನಾನೇ ಸೇರಿಸಿ ಓದಿದ್ದೆ. ಪಾಠವನ್ನು ಬಿಟ್ಟು ಗೈಡಿನ ಸಾರಾಂಶವನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗುವ ನಮಗೆ ವಾಕ್ಯವನ್ನೇ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು?

ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆ ಉಂಟು. ಒಂದು ಹೇಳಿಕೆ ಕೊಟ್ಟು, ಅದು ಗದ್ಯಭಾಗದ ಪ್ರಕಾರ ‘ಸರಿ’ಯೋ, ‘ತಪ್ಪೋ’, ಅಥವಾ ಅದನ್ನು ಗದ್ಯಭಾಗದಲ್ಲಿ ‘ಹೇಳಿಲ್ಲ’ವೋ ಎಂದು ಕೇಳುತ್ತಾರೆ. ಗದ್ಯಭಾಗ ಹೀಗಿದೆ ಎಂದಿಟ್ಟುಕೊಳ್ಳೋಣ: “2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನನಿಲ್ದಾಣ ಆರಂಭವಾಯಿತು. ಅದಕ್ಕೆ ಮೊದಲು ಬೆಂಗಳೂರಿನ ಪ್ರಯಾಣಿಕರು ಎಚ್.ಎ.ಎಲ್. ನಿಲ್ದಾಣದಿಂದ ಹೋಗುತ್ತಿದ್ದರು. ಹೊಸ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರನ್ನು ಇಡಲಾಯಿತು.” ಈಗ ಮೂರು ಹೇಳಿಕೆಗಳು. ಒಂದು: 2007ರಲ್ಲಿ ಪ್ರಯಾಣಿಕರು ಎಚ್.ಎ.ಎಲ್. ನಿಲ್ದಾಣವನ್ನು ಬಳಸುತ್ತಿದ್ದರು. ಇದು ಸರಿ. ಎರಡು: ಆರಂಭವಾದ ದಿನದಿಂದಲೂ ಹೊಸ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಇದು ತಪ್ಪು. ಮೂರು: ನಿಲ್ದಾಣ ಬಂದಮೇಲೆ ಸುತ್ತಲಿನ ಜಮೀನಿನ ಬೆಲೆ ಏರಿತು.

ಮೂರನೆಯದಕ್ಕೆ ನಾವೆಲ್ಲರೂ ‘ಸರಿ’ ಎಂದೇ ಬರೆಯುತ್ತೇವೆ. ಏಕೆಂದರೆ ಕಣ್ಣಾರೆ ಕಂಡಿದ್ದೇವೆ. ಆದರೆ ಗದ್ಯಭಾಗದಲ್ಲಿ ಬೆಲೆಯ ಮಾತೇ ಇಲ್ಲ. ಆದ್ದರಿಂದ ಉತ್ತರ ‘ಹೇಳಿಲ್ಲ’ ಎಂದೇ ಆಗಬೇಕು. ನಮಗೆ ಗೊತ್ತಿರುವುದು ಬೇರೆ, ಹಾಳೆ ಹೇಳುವುದು ಬೇರೆ. ಈ ಭೇದವನ್ನು ತಿಳಿದರೆ ಓದುವ ವಿಭಾಗದ ಅರ್ಧ ರಹಸ್ಯ ತಿಳಿದಂತೆಯೇ. ಇಂಗ್ಲಿಷಿನ ‘ಆಲ್’, ‘ಸಮ್’, ‘ಮೋಸ್ಟ್’, ‘ಓನ್ಲಿ’ ಮುಂತಾದ ಸಣ್ಣ ಪದಗಳನ್ನೂ ಇದೇ ಎಚ್ಚರದಿಂದ ನೋಡಬೇಕು. ಎಲ್ಲ ನೇಕಾರರು ಎನ್ನುವುದಕ್ಕೂ ಕೆಲವು ನೇಕಾರರು ಎನ್ನುವುದಕ್ಕೂ ಎಷ್ಟೊಂದು ಅಂತರ!

ಎರಡನೆಯ ತೊಡಕು ವಾಕ್ಯರಚನೆಯದು. ‘ನಿನ್ನೆ ಸಂತೆಯಲ್ಲಿ ಸೀರೆ ಮಾರಿದ ನೇಕಾರ’ ಎನ್ನುವಾಗ ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು, ನೇಕಾರ ಕೊನೆಗೆ. ಇಂಗ್ಲಿಷಿನಲ್ಲಿ ನೇಕಾರ ಮೊದಲು, ಅವನ ವಿವರಣೆ ಆಮೇಲೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ. ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ ಬರುತ್ತದೆ. ನಮ್ಮ ಮನಸ್ಸು ಅಭ್ಯಾಸಬಲದಿಂದ ಕೊನೆಯವರೆಗೂ ಕಾಯುತ್ತದೆ. ಅಷ್ಟರಲ್ಲಿ ವಾಕ್ಯದ ಮೊದಲು ಮರೆತುಹೋಗಿರುತ್ತದೆ. ಉದ್ದದ ವಾಕ್ಯ ಬಂದಾಗ ಮೊದಲು ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಗುರುತುಹಾಕಿಕೊಂಡರೆ ಉಳಿದುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೂರನೆಯದು ಕಾಲದ ಪ್ರಶ್ನೆ. ಒಂದು ಗದ್ಯಭಾಗಕ್ಕೆ ಸರಾಸರಿ 20 ನಿಮಿಷ. ಪ್ರತಿಯೊಂದು ಪದವನ್ನೂ ಅರ್ಥಮಾಡಿಕೊಂಡೇ ಮುಂದೆ ಹೋಗುತ್ತೇನೆಂದರೆ ಆಗದು. ಹಾಸಿನಲ್ಲಿ ಒಂದು ಎಳೆ ಕಡಿದರೆ ನಮ್ಮ ತಂದೆ ಮಗ್ಗ ನಿಲ್ಲಿಸಿ ಅದೊಂದನ್ನೇ ಹುಡುಕುತ್ತಾರೆ; ನೂರಾರು ಎಳೆಗಳನ್ನು ಎಣಿಸುತ್ತ ಕೂರುವುದಿಲ್ಲ. ಹಾಗೆಯೇ ಮೊದಲು ಪ್ಯಾರಾಗಳ ಆರಂಭದ ವಾಕ್ಯಗಳನ್ನು ಓದಿ ಎಲ್ಲಿ ಯಾವ ವಿಷಯವಿದೆ ಎಂದು ತಿಳಿಯಬೇಕು. ಆಮೇಲೆ ಪ್ರಶ್ನೆಯಲ್ಲಿನ ಹೆಸರು, ಇಸವಿ, ಅಂಕಿಗಳನ್ನು ಹಿಡಿದು ಆ ಭಾಗಕ್ಕೆ ಹೋಗಿ, ಅಲ್ಲಿ ಮಾತ್ರ ನಿಧಾನವಾಗಿ ಓದಬೇಕು. ಎರಡು ಪದಗಳನ್ನು ಮೀರಬಾರದೆಂದು ಹೇಳಿದ್ದರೆ ಮೂರು ಪದ ಬರೆದ ಉತ್ತರ ತಪ್ಪಾಗುತ್ತದೆ. ಕಾಗುಣಿತ ಕೆಟ್ಟರೂ ಅಂಕವಿಲ್ಲ.

ಅಭ್ಯಾಸಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಪರೀಕ್ಷೆ ನಡೆಸುವ ಸಂಸ್ಥೆಗಳೇ ಮಾದರಿ ಪತ್ರಿಕೆಗಳನ್ನು ಉಚಿತವಾಗಿ ಕೊಡುತ್ತವೆ. ನಮ್ಮ ಗ್ರಂಥಾಲಯದ ಇಂಗ್ಲಿಷ್ ದಿನಪತ್ರಿಕೆಯಲ್ಲಿ ದಿನಕ್ಕೊಂದು ಲೇಖನವನ್ನು ಓದಿ, ಪ್ರತಿ ಪ್ಯಾರಾಕ್ಕೂ ಕನ್ನಡದಲ್ಲಿ ಒಂದು ತಲೆಬರಹ ಕೊಡುವುದು ಒಳ್ಳೆಯ ಕ್ರಮ. ತಿಳಿಯದ ಪದ ಬಂದರೆ ಮೊದಲು ಊಹಿಸಿ, ಓದಿ ಮುಗಿಸಿದ ಮೇಲೆ ನಿಘಂಟು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ತಪ್ಪುಗಳ ಪುಸ್ತಕ: ತಪ್ಪಿದ ಪ್ರತಿಯೊಂದು ಉತ್ತರದ ಎದುರಿಗೆ, ಯಾವ ವಾಕ್ಯವನ್ನು ಹೇಗೆ ತಪ್ಪಾಗಿ ತಿಳಿದೆನೆಂದು ಬರೆದಿಡುವುದು. ಮೂರು ತಿಂಗಳಲ್ಲಿ ನನ್ನ 11 ಈಗ 27 ಆಗಿದೆ.

ಪರೀಕ್ಷೆಯ ಶುಲ್ಕವನ್ನು ನಾನಿನ್ನೂ ಕಟ್ಟಿಲ್ಲ. ಅದು ಹದಿನಾರು ಸಾವಿರ ರೂಪಾಯಿಗೂ ಮೇಲ್ಪಟ್ಟದ್ದು. ಕೂಲಿ ನೇಯುವ ಮನೆಯಲ್ಲಿ ಅಷ್ಟು ಹಣವನ್ನು ‘ನೋಡೋಣ’ ಎಂದು ಕಟ್ಟುವಂತಿಲ್ಲ. ಫಲಿತಾಂಶಕ್ಕೆ ಎರಡು ವರ್ಷಗಳ ಮಾನ್ಯತೆ ಮಾತ್ರ. ಆದ್ದರಿಂದ ಮನೆಯಲ್ಲಿ ಮೂರು ಸಲ ಸತತವಾಗಿ 30 ದಾಟಿದ ಮೇಲೆಯೇ ಹಣ ಕಟ್ಟಬೇಕೆಂದು ನಿಶ್ಚಯಿಸಿದ್ದೇನೆ.

ಹೊರದೇಶಕ್ಕೆ ಹೋಗುತ್ತೇನೋ ಇಲ್ಲವೋ ತಿಳಿಯದು. ಆದರೆ ಈ ಓದು ಆಗಲೇ ಒಂದು ಸಲ ಉಪಯೋಗಕ್ಕೆ ಬಂದಿತು. ನಮ್ಮ ಬೀದಿಯ ಒಬ್ಬ ಅಜ್ಜಿ ಇಂಗ್ಲಿಷಿನಲ್ಲಿ ಬಂದಿದ್ದ ಬ್ಯಾಂಕಿನ ಕಾಗದವೊಂದನ್ನು ಹಿಡಿದುಕೊಂಡು ಬಂದರು. ಸಾಲಕ್ಕೆ ಮಗ್ಗವನ್ನು ಜಪ್ತಿ ಮಾಡುತ್ತಾರಂತೆ ಎಂದು ಯಾರೋ ಹೇಳಿದ್ದರಂತೆ; ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಾನು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಖಾತೆಗೆ ಬೇಕಾದ ದಾಖಲೆಗಳನ್ನು ತಂದುಕೊಡಿ ಎಂದಷ್ಟೇ ಅದರಲ್ಲಿತ್ತು. “ಜಪ್ತಿಯ ಮಾತು ಇದರಲ್ಲಿ ಎಲ್ಲಿಯೂ ಇಲ್ಲ, ಅಜ್ಜಿ” ಎಂದೆ. “ಸರಿಯಾಗಿ ನೋಡಿದೆಯಾ ಮಗಾ?” ಎಂದು ಕೇಳಿದರು. ನೋಡಿದ್ದೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ