ಎರಡನೇ ಸರದಿ ಯಾರಿಗುಂಟು?

ಹದಿಹರೆಯದಲ್ಲಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡ ಹುಡುಗ ಹುಡುಗಿ ಅಗಲುತ್ತಾರೆ. ಒಬ್ಬರದು ಉಳ್ಳವರ ಮನೆ, ಇನ್ನೊಬ್ಬರದು ದುಡಿದು ಉಣ್ಣುವವರ ಮನೆ. ಹದಿನೈದು ಇಪ್ಪತ್ತು ವರ್ಷಗಳಾದ ಮೇಲೆ ಮತ್ತೆ ಭೇಟಿ. ಹಳೆಯ ಪ್ರೀತಿಗೆ ಇನ್ನೂ ಜೀವ ಇದೆ ಎಂದು ಇಬ್ಬರಿಗೂ ತಿಳಿಯುತ್ತದೆ. ಈ ಸಲ ಕೂಡುತ್ತಾರೆ, ಇಲ್ಲವೇ ಕಣ್ಣೀರಿಟ್ಟು ಬೀಳ್ಕೊಡುತ್ತಾರೆ. ಜನಪ್ರಿಯ ಕಾದಂಬರಿ ಮತ್ತು ಸಿನಿಮಾಗಳಿಗೆ ಇದು ಎಂದೂ ಸವೆಯದ ಕಥೆ. ಶಾಲೆಯ ಹಳೆಯ ಜೋಡಿ ವರ್ಷಗಳ ನಂತರ ಒಂದು ರಾತ್ರಿ ಮಾತಾಡುವ ತಮಿಳಿನ '96' 2018ರಲ್ಲಿ ಬಂತು. ಮರುವರ್ಷವೇ ಅದು ಕನ್ನಡದಲ್ಲಿ '99' ಆಯಿತು. ನೋಡಿದವರು ಕಣ್ಣೊರೆಸಿಕೊಂಡು ಹೊರಗೆ ಬಂದದ್ದು ಖರೆ. ಅದನ್ನು ಹಗುರ ಮಾಡಬೇಕಾಗಿಲ್ಲ.

ಆದರೆ ಇಂಥ ಕಥೆಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ಪ್ರೇಮಿಗಳನ್ನು ಅಗಲಿಸಿದ್ದು ಕಾಲ, ತಪ್ಪು ತಿಳುವಳಿಕೆ, ಹುಡುಗನ ಹಿಂಜರಿಕೆ ಅಥವಾ ಅವನ ಬಡತನ. ಇವೆಲ್ಲ ಬದಲಾಗುವಂಥವು. ಬಡವ ದುಡ್ಡು ಮಾಡಿಕೊಂಡು ಬರುತ್ತಾನೆ, ಹಿಂಜರಿಯುತ್ತಿದ್ದವನು ಬಾಯಿ ಬಿಡುತ್ತಾನೆ. ಹೀಗಾಗಿ ಎರಡನೇ ಅವಕಾಶ ಸಾಧ್ಯವಾಗುತ್ತದೆ. ಅಗಲಿಸಿದ್ದು ಜಾತಿಯಾದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಈ ಕಥೆಗಳು ಕೇಳುವುದಿಲ್ಲ. ದಲಿತ ವಿಮರ್ಶೆ ಶುರುವಾಗಬೇಕಾದದ್ದು ಅಲ್ಲಿಂದ.

ಈ ಕಥೆಯನ್ನು ನಗರದಿಂದ ಎತ್ತಿ ಬೀದರ ಜಿಲ್ಲೆಯ ಔರಾದ ತಾಲೂಕಿನ ಚಿಂತಾಕಿಯಂಥ ಊರಿನಲ್ಲಿಟ್ಟು ನೋಡೋಣ. ಇದು ಯಾರದೋ ಮನೆಯಲ್ಲಿ ನಡೆದ ಸಂಗತಿಯಲ್ಲ, ವಾದಕ್ಕಾಗಿ ಕಟ್ಟಿಕೊಂಡ ಉದಾಹರಣೆ. ಹುಡುಗಿ ತೊಗರಿ, ಉದ್ದು, ಸೋಯಾ ಬೆಳೆಯುವ ದೊಡ್ಡ ಹೊಲದ ಮನೆಯವಳು. ಹುಡುಗ ಅದೇ ಹೊಲಕ್ಕೆ ಕೂಲಿಗೆ ಹೋಗುವ ತಾಯಿಯ ಮಗ, ಕೇರಿಯವನು. ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ತರಗತಿ. ಮಾತು ಮನೆಗೆ ಮುಟ್ಟಿದ ಕೂಡಲೇ ಆಕೆಯ ಲಗ್ನ ಆಗುತ್ತದೆ. ಅವನು ಗೌಂಡಿ ಕೆಲಸಕ್ಕೆ ಹೈದರಾಬಾದಿನ ದಾರಿ ಹಿಡಿಯುತ್ತಾನೆ. 1948ರವರೆಗೆ ನಿಜಾಮರ ಕೈಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯ ದುಡಿಯುವ ಜನಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಇಪ್ಪತ್ತು ವರ್ಷಗಳ ಮೇಲೆ ಆಕೆ ಗಂಡನನ್ನು ಕಳೆದುಕೊಂಡು, ಒಬ್ಬ ಮಗಳೊಂದಿಗೆ ತವರಿಗೆ ಬಂದಿದ್ದಾಳೆ. ಅವನು ಏಪ್ರಿಲ್ 14ರ ಜಯಂತಿಗೆಂದು ಊರಿಗೆ ಬಂದಿದ್ದಾನೆ. ಈಗ ಮೇಸ್ತ್ರಿಯಾಗಿದ್ದಾನೆ, ಕೈಯಲ್ಲಿ ನಾಲ್ಕು ಕಾಸು ಇದೆ. ವರ್ಗದ ಅಂತರ ಎಷ್ಟೋ ಕಡಿಮೆಯಾಗಿದೆ. ಸಿನಿಮಾದಲ್ಲಾದರೆ ಇಲ್ಲಿ ಹಾಡು ಬರಬೇಕು.

ಊರಲ್ಲಿ ಬರುವ ಮಾತು ಬೇರೆ. "ಹುಡುಗಾಟಿಕಿ ಇದ್ದಾಗ ಆಗಿದ್ದು ಆಗ್ಯಾದ. ಮಗಳು ಲಗ್ನಕ್ಕ ಬಂದಾಳ, ಇನ್ನೇನ್ ಲಗ್ನ ನಿಂದು?" ಎಂದು ಆಕೆಯ ಅಣ್ಣ ಕೇಳುತ್ತಾನೆ. ಮೊದಲ ಸಲ 'ಇನ್ನೂ ಸಣ್ಣವರು, ತಿಳಿಯಂಗಿಲ್ಲ' ಎಂದವರೇ ಈ ಸಲ 'ವಯಸ್ಸು ಮೀರಿತು' ಎನ್ನುತ್ತಾರೆ. ಕಾರಣ ಬೇರೆ, ತೀರ್ಪು ಅದೇ. ಅವನ ಬಡತನ ಮೊದಲ ಸಲವೂ ನಿಜವಾದ ಅಡ್ಡಿಯಾಗಿರಲಿಲ್ಲ ಎಂಬುದು ಈಗ ಗೊತ್ತಾಗುತ್ತದೆ.

ಜಾತಿ ಎರಡನೇ ಸರದಿಗೆ ಯಾಕೆ ಇಷ್ಟು ಹೆದರುತ್ತದೆ? ಇದಕ್ಕೆ ಉತ್ತರವನ್ನು ಬಾಬಾಸಾಹೇಬ ಅಂಬೇಡ್ಕರರು ಇಪ್ಪತ್ತೈದರ ವಯಸ್ಸಿನಲ್ಲೇ ಕೊಟ್ಟಿದ್ದರು. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ವಿಚಾರಗೋಷ್ಠಿಯಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಅದರ ತಿರುಳು ಇದು: ಜಾತಿ ಎಂದರೆ ಸ್ವಜಾತಿಯೊಳಗೇ ಮದುವೆ ಎಂಬ ಬೇಲಿ. ಬೇಲಿ ಉಳಿಯಬೇಕಾದರೆ ಒಳಗಿನ ಗಂಡು ಹೆಣ್ಣುಗಳ ಲೆಕ್ಕ ಸರಿಹೋಗಬೇಕು. ಗಂಡ ಸತ್ತರೆ ಒಬ್ಬ ಹೆಣ್ಣು 'ಹೆಚ್ಚಾಗುತ್ತಾಳೆ'. ಆಕೆ ಹೊರಗೆ ಮದುವೆಯಾದರೆ ಬೇಲಿ ಮುರಿಯುತ್ತದೆ. ಒಳಗೇ ಆದರೆ ಇನ್ನೊಬ್ಬ ಕನ್ಯೆಯ ಪಾಲು ಹೋಗುತ್ತದೆ. ಹೀಗಾಗಿ ಆಕೆಯನ್ನು ಸುಡುವ ಸತಿ ಪದ್ಧತಿ ಬಂತು, ಇಲ್ಲವೇ ಬದುಕಿದ್ದಂತೆಯೇ ಮೂಲೆಗೆ ಕೂಡಿಸುವ ಕಡ್ಡಾಯ ವೈಧವ್ಯ ಬಂತು. ಹೆಂಡತಿ ಸತ್ತ ಗಂಡಸನ್ನು ಮಾತ್ರ ಸುಡುವಂತಿರಲಿಲ್ಲ, ಅವನು ಯಜಮಾನ. ಅವನಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದು ಕೊಟ್ಟರು. ಅದೇ ಬಾಲ್ಯವಿವಾಹ.

ಈ ಮೂರನ್ನೂ ನಮ್ಮ ಪ್ರೇಮಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಬಾಲ್ಯವಿವಾಹ ಮೊದಲ ಪ್ರೀತಿಯ ಬಾಗಿಲು ಮುಚ್ಚುತ್ತದೆ: ಹುಡುಗಿ ಮನಸ್ಸು ಮಾಡುವ ಮೊದಲೇ ಆಕೆಯ ಲಗ್ನ ಮುಗಿದಿರುತ್ತದೆ. ವೈಧವ್ಯ ಎರಡನೆಯ ಬಾಗಿಲು ಮುಚ್ಚುತ್ತದೆ. ಗಂಡಸಿಗೆ ಎರಡನೇ ಸರದಿ ಪದ್ಧತಿಯೇ ಒದಗಿಸಿದ ಸೌಕರ್ಯ, ಹೆಂಗಸಿಗೆ ಅದು ಅಪರಾಧ. ಪ್ರಾಯಕ್ಕೆ ಬಂದ, ತನ್ನ ಮನಸ್ಸು ತಾನು ಬಲ್ಲ, ಇನ್ನೊಬ್ಬರ ಮಾತಿಗೆ ಅಂಜದ ಹೆಣ್ಣು ಬೇಲಿಯ ಆಚೆ ನೋಡಿದರೆ ಜಾತಿಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಉತ್ತರ ಕರ್ನಾಟಕದ ಅನೇಕ ದುಡಿಯುವ ಜಾತಿಗಳಲ್ಲಿ ವಿಧವೆಗೆ, ಗಂಡ ಬಿಟ್ಟವಳಿಗೆ ಸೀರೆ ಉಡಿಸಿ ಮತ್ತೆ ಸಂಸಾರ ಕಟ್ಟಿಕೊಡುವ 'ಉಡಿಕೆ', 'ಕೂಡಿಕೆ' ಇದ್ದವಲ್ಲ? ಇದ್ದವು, ಅದು ನಮ್ಮ ಜನರ ವಿವೇಕ. ಆದರೆ ಆ ಎರಡನೇ ಸಂಸಾರವೂ ಜಾತಿಯ ಒಳಗೇ ಆಗಬೇಕಿತ್ತು. ಮೊದಲ ಮದುವೆಯ ಮರ್ಯಾದೆ ಅದಕ್ಕೆ ಇರಲಿಲ್ಲ. ಮೇಲಿನವರಂತೆ ಆಗಬೇಕೆಂದು ಹೊರಟ ಜಾತಿಗಳು ಮೊದಲು ಕೈಬಿಟ್ಟ ಪದ್ಧತಿಗಳಲ್ಲಿ ಇದೂ ಒಂದು. ಹೆಣ್ಣಿನ ಎರಡನೇ ಸರದಿಯನ್ನು ಕಿತ್ತುಕೊಂಡು ಗಂಡಸರು ಮಾನವಂತರಾದರು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮೇಲ್ಜಾತಿಯ ಗಂಡು ಕೇರಿಯ ಹೆಣ್ಣನ್ನು ಮುಟ್ಟುವುದಕ್ಕೆ ಊರು ಎಂದೂ ಅಡ್ಡಿ ಮಾಡಲಿಲ್ಲ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯಿದೆಯಲ್ಲಿ ನಿಷೇಧಿಸಬೇಕಾಗಿ ಬಂತು ಎಂದರೆ ಆ ಸಂಬಂಧ ಎಷ್ಟು ಬಹಿರಂಗವಾಗಿತ್ತು ಎಂಬುದು ತಿಳಿಯುತ್ತದೆ. ಅಡ್ಡಿ ಇದ್ದದ್ದು ಮದುವೆಗೆ. ಮದುವೆಯಾದರೆ ಹೊಲ, ಮನೆ, ಹೆಸರು ಎಲ್ಲದರಲ್ಲೂ ಪಾಲು ಕೊಡಬೇಕು. ಇದೇ ಜಿಲ್ಲೆಯ ಬಸವಕಲ್ಯಾಣ 12ನೇ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದಾಗ ಇಬ್ಬರ ತಂದೆಯರನ್ನೂ ಎಳೆಹೂಟೆ ಕಟ್ಟಿ ಕೊಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಎರಡು ಮನೆಗಳು ಬಹಿರಂಗವಾಗಿ ಬೀಗರಾದದ್ದನ್ನು ಅರಸೊತ್ತಿಗೆ ಸಹಿಸಲಿಲ್ಲ. ಆದ್ದರಿಂದ ಉಳ್ಳವರ ಮಗ ಹಳೆಯ ಬಡ ಗೆಳತಿಯನ್ನು ಹುಡುಕಿ ಬರುವ ಕಥೆ ಓದಿದಾಗ ನಾವು ಕೇಳಬೇಕು: ಇವನು ಆಕೆಯನ್ನು ಎಲ್ಲಿಗೆ ಕರೆದೊಯ್ಯುತ್ತಾನೆ? ತನ್ನ ಮನೆಯ ಹೊಸಿಲೊಳಗೋ, ಹೊಲದ ಗುಡಿಸಲಿಗೋ?

ನಮ್ಮ ಕೃತಿಗಳು ಇದನ್ನು ಹೇಗೆ ಕಂಡಿವೆ? 1972ರ 'ನಾಗರಹಾವು' ಎಲ್ಲರಿಗೂ ಗೊತ್ತು. ಜಾತಿ ಬೇರೆ ಎಂಬ ಕಾರಣಕ್ಕೆ ಚಾಮಯ್ಯ ಮೇಷ್ಟ್ರು ರಾಮಾಚಾರಿಯಿಂದ ಅಲಮೇಲುವನ್ನು ಬಿಡಿಸುತ್ತಾರೆ. ಮುಂದೆ ಆಕೆ ಅವನ ಎದುರಿಗೆ ಬಂದಾಗ ಮೈ ಮಾರಿ ಬದುಕುವವಳಾಗಿರುತ್ತಾಳೆ. ಮತ್ತೆ ಭೇಟಿ ಆಯಿತು, ಸರದಿ ಮಾತ್ರ ಬರಲಿಲ್ಲ. ನಾವು ಮೇಷ್ಟ್ರ ಒಳ್ಳೆಯತನಕ್ಕೆ ಮರುಗಿದೆವು, ಆ ಒಳ್ಳೆಯತನ ಯಾರ ಪರವಾಗಿ ಕೆಲಸ ಮಾಡಿತು ಎಂದು ಕೇಳಲಿಲ್ಲ. 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮೇಲಿನ ಮನೆಯ ಕುಸುಮ ದಲಿತ ಹುಡುಗ ಚನ್ನನನ್ನು ಪ್ರೀತಿಸುತ್ತಾಳೆ, ಚನ್ನ ಕೊಲೆಯಾಗುತ್ತಾನೆ. ನಾಗರಾಜ ಮಂಜುಳೆಯವರ ಮರಾಠಿ 'ಸೈರಾಟ್' (2016) ಇನ್ನೂ ಮುಂದೆ ಹೋಗುತ್ತದೆ. ಪಾಟೀಲರ ಮಗಳು, ಮೀನು ಹಿಡಿಯುವವರ ಮಗ ಓಡಿಹೋಗುವುದು ಹೈದರಾಬಾದಿಗೇ, ನಮ್ಮ ಔರಾದದವರು ದುಡಿಯಲು ಹೋಗುವ ಅದೇ ಹೈದರಾಬಾದಿಗೆ. ಅಲ್ಲಿ ಜಗಳವಾಡಿ ಒಮ್ಮೆ ಬೇರೆಯಾಗುತ್ತಾರೆ, ಮತ್ತೆ ಕೂಡುತ್ತಾರೆ. ಅವರು ತಮಗೆ ತಾವೇ ಎರಡನೇ ಸರದಿ ಕೊಟ್ಟುಕೊಳ್ಳುತ್ತಾರೆ. ಮಗು ಆಗುತ್ತದೆ. ಆಕೆಗೆ ತಾಯಿಯ ನೆನಪು ಬರುತ್ತದೆ. ಆಮೇಲೆ ತವರಿನವರು ಉಡುಗೊರೆ ಹಿಡಿದು ಬರುತ್ತಾರೆ, ಗಂಡ ಹೆಂಡತಿ ಇಬ್ಬರೂ ಸಾಯುತ್ತಾರೆ.

ಇದು ಸಿನಿಮಾದ ಅತಿರೇಕ ಎನ್ನುವವರು 2019ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ನಡೆದುದನ್ನು ನೆನೆಯಬೇಕು. ಜಾತಿ ಮೀರಿ ಮದುವೆಯಾಗಿ, ವರ್ಷಗಟ್ಟಲೆ ಹೊರಗಿದ್ದು, ದೀಪಾವಳಿಗೆಂದು ಊರಿಗೆ ಬಂದ ಗಂಡ ಹೆಂಡತಿಯನ್ನು ಕಲ್ಲಿನಿಂದ ಹೊಡೆದು ಕೊಂದರು. ಕಾಲ ಎಲ್ಲವನ್ನೂ ಮರೆಸುತ್ತದೆ ಎಂಬ ಮಾತು ಜಾತಿಯ ವಿಷಯದಲ್ಲಿ ಸುಳ್ಳು.

ಹಾಗಾದರೆ ಚಿಂತಾಕಿಯ ಆ ಇಬ್ಬರಿಗೆ ಏನೂ ದಾರಿ ಇಲ್ಲವೇ? ಕಾನೂನಿನಲ್ಲಿ ಇದೆ, ಅದನ್ನು ಕಾರ್ಯಕರ್ತರು ಬಾಯಿಪಾಠ ಮಾಡಿಕೊಂಡಿರಬೇಕು. ಮೊದಲನೆಯದು ಹೊಲದ ಪ್ರಶ್ನೆ. 'ಮತ್ತೊಂದು ಮದುವೆಯಾದರೆ ಸತ್ತ ಗಂಡನ ಆಸ್ತಿ ಹೋಗುತ್ತದೆ' ಎಂಬ ಬೆದರಿಕೆ 1856ರ ವಿಧವಾ ಪುನರ್ವಿವಾಹ ಕಾಯಿದೆಯಿಂದ ಉಳಿದುಕೊಂಡು ಬಂದದ್ದು. ಆ ಕಾಯಿದೆ 1983ರಲ್ಲಿ ರದ್ದಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡನಿಂದ ಬಂದ ಪಾಲಿಗೆ ಆಕೆ ಪೂರ್ಣ ಒಡತಿ. ಪಾಲು ಬಂದ ಮೇಲೆ ಮರುಮದುವೆಯಾದರೂ ಅದು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಎರಡನೆಯದು ನೋಂದಣಿ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ 30 ದಿನ ಮುಂಚೆ ನೋಟಿಸು ಹಚ್ಚಬೇಕು. ಆ 30 ದಿನ ಮನೆಯವರಿಗೆ ಸುದ್ದಿ ಮುಟ್ಟಿಸುವ ಡಂಗುರ. 1955ರ ಹಿಂದೂ ವಿವಾಹ ಕಾಯಿದೆ ಬೌದ್ಧರಿಗೂ ಅನ್ವಯಿಸುತ್ತದೆ, ಅದರಲ್ಲಿ ಈ ನೋಟಿಸಿಲ್ಲ. ಮೂರನೆಯದು ರಕ್ಷಣೆ. 2018ರ ಮಾರ್ಚ್ 27ರ ಶಕ್ತಿವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ಪ್ರಾಯಸ್ಥರು ಒಪ್ಪಿದ ಮೇಲೆ ಕುಟುಂಬ, ಕುಲ, ಪಂಚಾಯಿತಿಗಳ ಒಪ್ಪಿಗೆ ಬೇಕಿಲ್ಲ ಎಂದಿತು. ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕೆಂದು ನಿರ್ದೇಶಿಸಿತು.

ಆದರೆ ಸರ್ಕಾರವೂ ಎರಡನೇ ಸರದಿಯನ್ನು ನಂಬಲಿಲ್ಲ. ಅಂತರ್ಜಾತಿ ವಿವಾಹಕ್ಕೆ 2.5 ಲಕ್ಷ ರೂಪಾಯಿ ಕೊಡಲು ಕೇಂದ್ರ 2013ರಲ್ಲಿ ಅಂಬೇಡ್ಕರರ ಹೆಸರಿನಲ್ಲೇ ಯೋಜನೆ ತಂದಾಗ, ಎರಡನೇ ಅಥವಾ ನಂತರದ ಮದುವೆಗೆ ಹಣವಿಲ್ಲ ಎಂದು ನಿಯಮ ಬರೆಯಿತು. ದುಡ್ಡಿಗಾಗಿ ಮತ್ತೆ ಮತ್ತೆ ಮದುವೆಯಾಗುವವರನ್ನು ತಡೆಯಲು ಹೀಗೆ ಮಾಡಿದರೆನ್ನಬಹುದು. ಆದರೆ ವಿಧವೆಯನ್ನೂ ಮೋಸಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಹದಿನೆಂಟಕ್ಕೆ ಜಾತಿಯವರು ಕೈಹಿಡಿಸಿದ ಮದುವೆಯೇ 'ಮೊದಲನೆಯದು' ಎಂದು ಲೆಕ್ಕವಾಗಿ, ಮೂವತ್ತೆಂಟಕ್ಕೆ ತಾನೇ ಆರಿಸಿಕೊಂಡದ್ದು 'ಎರಡನೆಯದು' ಆಗುತ್ತದೆ. 1916ರಲ್ಲಿ ಅಂಬೇಡ್ಕರರು ಬಿಡಿಸಿಟ್ಟ ಗಂಟನ್ನು ಅವರ ಹೆಸರಿನ ಯೋಜನೆಯೇ ಮತ್ತೆ ಹಾಕಿತು. ಇಂಥ ಯೋಜನೆ ಯಾವ ಸರ್ಕಾರದ್ದೇ ಇರಲಿ, ವಿಧವೆಯರಿಗೆ, ವಿಚ್ಛೇದಿತೆಯರಿಗೆ ಅದರಲ್ಲಿ ಜಾಗ ಕೇಳುವುದು ನಮ್ಮ ಬೇಡಿಕೆಪಟ್ಟಿಯಲ್ಲಿ ಇರಬೇಕು.

ಕೊನೆಯದಾಗಿ ನಮ್ಮ ಕೇರಿಯ ಮಾತು. ಮೊದಲ ಹೆಂಡತಿ ರಮಾಬಾಯಿ 1935ರಲ್ಲಿ ತೀರಿಕೊಂಡ ಮೇಲೆ ಬಾಬಾಸಾಹೇಬರು 1948ರ ಏಪ್ರಿಲ್ 15ರಂದು ಬ್ರಾಹ್ಮಣ ಕುಟುಂಬದ ಡಾ. ಶಾರದಾ ಕಬೀರರನ್ನು ಮದುವೆಯಾದರು; ಅವರೇ ಸವಿತಾ ಅಂಬೇಡ್ಕರ್. 1956ರಲ್ಲಿ ಬಾಬಾಸಾಹೇಬರು ತೀರಿಕೊಂಡಾಗ ಅನುಯಾಯಿಗಳಲ್ಲಿ ಅನೇಕರು ಆಕೆಯನ್ನೇ ಸಂಶಯದಿಂದ ನೋಡಿದರು. ಸಾವು ಸಹಜವೆಂದು ವಿಚಾರಣೆಯಲ್ಲಿ ತಿಳಿದುಬಂದರೂ ಆಕೆ ಬಹುಕಾಲ ಒಂಟಿಯಾಗಿಯೇ ಬದುಕಬೇಕಾಯಿತು. ಬೇಲಿ ದಾಟಿ ಬಂದ ಹೆಣ್ಣನ್ನು ಒಳಗೆ ಕರೆದುಕೊಳ್ಳಲು ನಮಗೂ ಸುಲಭವಾಗಿಲ್ಲ. ನಾಳೆ ಚಿಂತಾಕಿಯ ಆ ಹೆಣ್ಣು ಮಗಳ ಕೈಹಿಡಿದು ಕೇರಿಗೆ ಬಂದರೆ, "ಬಾ ಯವ್ವಾ, ಒಳಗ ಬಾ" ಎನ್ನುವವರು ಎಷ್ಟು ಮಂದಿ, 'ಇನ್ನೊಬ್ಬರ ಮಗಳನ್ನ ಕಟ್ಟಿಕೊಂಡು ಬಂದಾನ' ಎಂದು ಮೂಗು ಮುರಿಯುವವರು ಎಷ್ಟು ಮಂದಿ?

ಜಾತಿ ಒಡೆಯುವ ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದು 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರರು ಹೇಳಿದ್ದನ್ನು ನಾವು ಪ್ರತಿ ಜಯಂತಿಗೆ ವೇದಿಕೆಯಿಂದ ಹೇಳುತ್ತೇವೆ. ಆಗ ನಮ್ಮ ಕಣ್ಣ ಮುಂದೆ ಇರುವುದು ಇಪ್ಪತ್ತರ ಹುಡುಗ ಹುಡುಗಿಯರು ಮಾತ್ರ. ನಲವತ್ತರ ವಿಧವೆಯ ಪ್ರೀತಿಯೂ ಅದೇ ಹೋರಾಟದ ಭಾಗ ಎಂದು ನಮ್ಮ ಲೇಖಕರು ಬರೆಯಬೇಕು, ನಮ್ಮ ಸಂಘಟನೆಗಳು ಆ ಮದುವೆಗೆ ಸಾಕ್ಷಿ ಹಾಕಲು ನೋಂದಣಿ ಕಚೇರಿಗೆ ಹೋಗಬೇಕು. ಊರಿಗೆ ಮರಳಿದ ಜೋಡಿಗೆ ಮೊದಲ ರಾತ್ರಿ ಮಲಗಲು ಒಂದು ಸುರಕ್ಷಿತ ಮನೆಯನ್ನು ಯಾರು ಕೊಡುತ್ತಾರೆ ಎಂಬುದನ್ನು ಮುಂದಿನ ಸಭೆಯಲ್ಲೇ ತೀರ್ಮಾನಿಸಿದರೆ ಒಳ್ಳೆಯದು.