ದಾಳ, ಡ್ರ್ಯಾಗನ್ ಮತ್ತು ಟಿವಿಯ ನಗು

ಅಮೆರಿಕದ ಹಾಸ್ಯ ಧಾರಾವಾಹಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಬಂತೆಂದರೆ ಮುಂದೇನು ಎಂಬುದು ನೋಡುಗರಿಗೆ ಮೊದಲೇ ಗೊತ್ತು. ಹೆಣ್ಣುಮಕ್ಕಳ ಜತೆ ಮಾತಾಡಲು ಹೆದರುವ ಮೂರು ನಾಲ್ಕು ಗಂಡಸರು, ಒಂದು ಮೇಜು, ವಿಚಿತ್ರ ಆಕಾರದ ದಾಳಗಳು, ಹಿನ್ನೆಲೆಯಲ್ಲಿ ನಗು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ಆದರೆ ಅದನ್ನು ಎಂದೂ ಆಡದ ಬಹಳಷ್ಟು ಜನಕ್ಕೆ ಅದರ ಪರಿಚಯವಾದದ್ದು ಇಂಥ ದೃಶ್ಯಗಳಿಂದಲೇ. ಹಾಗಾಗಿ ಕೆಲವು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಬೇರೂರಿವೆ.

ಮೊದಲನೆಯದು ವೇಷದ್ದು. ಆಡುವವರು ನಿಲುವಂಗಿ ತೊಟ್ಟು, ಆಟಿಕೆಯ ಕತ್ತಿ ಹಿಡಿದು ಓಡಾಡುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ವೇಷ ಕಟ್ಟಿ ಬಯಲಲ್ಲಿ ಆಡುವ ಆಟ ಬೇರೆಯೇ ಇದೆ, ಅದಕ್ಕೆ ಲಾರ್ಪ್ ಎನ್ನುತ್ತಾರೆ. ಮೇಜಿನ ಆಟದಲ್ಲಿ ಸಾಮಾನ್ಯವಾಗಿ ಎಲ್ಲರೂ ದಿನನಿತ್ಯದ ಬಟ್ಟೆಯಲ್ಲೇ ಕೂತಿರುತ್ತಾರೆ, ನಡೆಯುವುದೆಲ್ಲ ಮಾತಿನಲ್ಲಿ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ, ಆದರೂ ಅರ್ಥಧಾರಿ ಬಾಯಿ ತೆರೆದರೆ ಕರ್ಣ ಎದುರು ಬಂದು ಕೂರುತ್ತಾನೆ. ಇಲ್ಲಿ ಡಂಜನ್ ಮಾಸ್ಟರ್ ಎನಿಸಿಕೊಂಡವರು ಕಥೆಯ ಲೋಕವನ್ನು ಬಣ್ಣಿಸುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಪ್ರಸಂಗದ ಕೊನೆ ಮಾತ್ರ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಎನ್‌ಬಿಸಿ ವಾಹಿನಿಯ ‘ಕಮ್ಯುನಿಟಿ’ ಧಾರಾವಾಹಿ ಇದನ್ನು ಸರಿಯಾಗಿ ಹಿಡಿಯಿತು. 2011ರ ಫೆಬ್ರವರಿಯಲ್ಲಿ ಬಂದ ಅದರ ಕಂತು ಬಹುಪಾಲು ಒಂದೇ ಮೇಜಿನ ಸುತ್ತ ನಡೆಯುತ್ತದೆ. ಅಬೆದ್ ಎಂಬವನು ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾನೆ. ಕಾಡಾಗಲಿ ಡ್ರ್ಯಾಗನ್ ಆಗಲಿ ನಮಗೆ ಕಾಣಿಸುವುದಿಲ್ಲ, ಕೇಳಿಸುತ್ತವೆ. ವೇಷ ಹಾಕಿ ಬಂದವನು ಚಾಂಗ್ ಒಬ್ಬನೇ. ತನ್ನ ಪಾತ್ರ ಡಾರ್ಕ್ ಎಲ್ಫ್ ಎಂಬ ಕಾಲ್ಪನಿಕ ಜೀವಿ ಎಂದು ಅವನು ಮುಖಕ್ಕೆ ಕಪ್ಪು ಬಳಿದುಕೊಂಡ ಕಾರಣಕ್ಕೆ 2020ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಹುಲು ಈ ಕಂತನ್ನೇ ತೆಗೆದುಹಾಕಿದವು. ಆ ಬಣ್ಣ ಬೇಕಿರಲಿಲ್ಲ, ನಿಜ. ಆದರೆ ಈ ಆಟದ ಬಗ್ಗೆ ಹಾಸ್ಯ ಧಾರಾವಾಹಿಗಳು ಹೇಳಿದ ಅತ್ಯಂತ ಒಳ್ಳೆಯ ಕಥೆಯೂ ಅದರಲ್ಲೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಈ ಆಟದಲ್ಲಿ ಒಬ್ಬರು ಗೆದ್ದು ಉಳಿದವರು ಸೋಲಬೇಕು ಎಂಬ ನಂಬಿಕೆಗೆ ಆ ಕಂತು ನೇರ ಉತ್ತರ ಕೊಡುತ್ತದೆ. ಅಡ್ಡಹೆಸರಿಟ್ಟು ಹಂಗಿಸಿದ್ದರಿಂದ ಕುಗ್ಗಿಹೋದ ನೀಲ್ ಎಂಬ ಹುಡುಗನಿಗೆ ಧೈರ್ಯ ತುಂಬಲೆಂದೇ ಗೆಳೆಯರು ಆಟ ಏರ್ಪಡಿಸಿರುತ್ತಾರೆ. ಕರೆಯದೆ ಬಂದ ಪಿಯರ್ಸ್ ನೀಲ್‌ನ ಪಾತ್ರದ ಕತ್ತಿಯನ್ನು ಕಿತ್ತುಕೊಂಡು ಗೆಲ್ಲಲೆಂದೇ ಆಡುತ್ತಾನೆ. ಈ ಆಟದಲ್ಲಿ ಅಂಕಪಟ್ಟಿ ಇಲ್ಲ, ಆಟಗಾರರು ಒಂದೇ ತಂಡವಾಗಿ ಸಾಹಸಕ್ಕೆ ಹೊರಡುವುದು ವಾಡಿಕೆ. ಡಂಜನ್ ಮಾಸ್ಟರ್ ಕೂಡ ಅವರ ಎದುರಾಳಿಯಲ್ಲ. ಕೊನೆಗೆ ನೀಲ್ ತಿರುಗಿ ಬೈಯುವುದಿಲ್ಲ, ಪಿಯರ್ಸ್‌ನ ಬಗ್ಗೆ ಕನಿಕರ ತೋರುತ್ತಾನೆ. ಆಟ ತಿರುವು ಪಡೆಯುವುದು ಅಲ್ಲಿಂದ.

ದಾಳದ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಆಳವಾಗಿದೆ. ‘ದಿ ಬಿಗ್ ಬ್ಯಾಂಗ್ ಥಿಯರಿ’ಯ 2013ರ ಒಂದು ಕಂತಿನಲ್ಲಿ ಶೆಲ್ಡನ್ ಮತ್ತು ಏಮಿ ತಮ್ಮ ಪಾತ್ರಗಳ ಪ್ರಣಯವನ್ನೂ ದಾಳ ಉರುಳಿಸಿಯೇ ಆಡುತ್ತಾರೆ. ದೃಶ್ಯ ಚೆನ್ನಾಗಿದೆ, ಅದರಲ್ಲಿ ಕೋಮಲತೆಯೂ ಇದೆ. ಆದರೆ ಅದನ್ನು ನೋಡಿದವರು ಪ್ರತಿ ಮಾತಿಗೂ ದಾಳ ಬೇಕು, ಇಪ್ಪತ್ತು ಬಿದ್ದರೆ ಏನು ಬೇಕಾದರೂ ಆಗುತ್ತದೆ ಎಂದುಕೊಳ್ಳುತ್ತಾರೆ. ನಿಜವಾದ ಮೇಜಿನಲ್ಲಿ ಆಗುವುದು ಹೀಗೆ. ಕೋಟೆಯ ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ. ‘ನಾನು ರಾಣಿಯ ದೂತ ಅಂತ ಹೇಳಿ ಒಳಗೆ ನುಗ್ತೀನಿ’ ಎನ್ನುತ್ತಾಳೆ ಒಬ್ಬಳು. ಕಾವಲುಗಾರ ನಂಬಿಯಾನು, ನಂಬದೆಯೂ ಇರಬಹುದು. ಆ ಅನುಮಾನ ಇದ್ದಾಗ ಮಾತ್ರ ದಾಳ. ಮಾಸ್ಟರ್ ಮನಸ್ಸಿನಲ್ಲಿ 15 ಎಂದು ಗುರಿ ಇಟ್ಟರು ಎನ್ನಿ. ಇಪ್ಪತ್ತು ಮುಖದ ದಾಳದಲ್ಲಿ ಅವಳಿಗೆ 11 ಬಿತ್ತು, ಸುಳ್ಳು ಹೇಳುವ ಜಾಣ್ಮೆಗೆ ಅವಳ ಪಾತ್ರಕ್ಕೆ 5 ಸೇರುತ್ತದೆ, ಒಟ್ಟು 16. ಬಾಗಿಲು ತೆರೆಯಿತು. 7 ಬಿದ್ದಿದ್ದರೆ ಒಟ್ಟು 12, ಕಾವಲುಗಾರ ಓಲೆ ತೋರಿಸು ಎನ್ನುತ್ತಾನೆ, ಕಥೆ ಬೇರೆ ದಾರಿ ಹಿಡಿಯುತ್ತದೆ. ಬಾಗಿಲು ತೆರೆದೇ ಇದ್ದರೆ ದಾಳ ಮುಟ್ಟುವ ಪ್ರಶ್ನೆಯೇ ಇಲ್ಲ. 2014ರ ನಿಯಮಪುಸ್ತಕದ ಪ್ರಕಾರ ಇಪ್ಪತ್ತು ಬಿದ್ದರೆ ಏಟು ತಪ್ಪದೆ ತಗಲುವುದು ಹೊಡೆದಾಟದಲ್ಲಿ ಮಾತ್ರ. ಇಂಥ ಪರೀಕ್ಷೆಗಳಲ್ಲಿ ಇಪ್ಪತ್ತಕ್ಕೆ ಅಂಥ ವಿಶೇಷ ಬಲವಿಲ್ಲ. ಚಂದ್ರನವರೆಗೆ ಜಿಗಿಯುತ್ತೇನೆ ಎಂದವನಿಗೆ ಯಾವ ದಾಳವೂ ನೆರವಾಗುವುದಿಲ್ಲ.

ಹೆಂಗಸರಿಗೆ ಈ ಆಟ ಹಿಡಿಸುವುದಿಲ್ಲ ಎಂಬುದೂ ಟಿವಿ ಬೆಳೆಸಿದ ಮಾತು. ಆಟದ ಮೂಲ ಕಂಪನಿ ಟಿಎಸ್‌ಆರ್‌ನಲ್ಲಿ ಜೀನ್ ವೆಲ್ಸ್ 1979ರಲ್ಲೇ ವಿನ್ಯಾಸಕಿಯಾಗಿದ್ದರು. ಇಂದಿಗೂ ಆಡುವ ‘ರೇವನ್‌ಲಾಫ್ಟ್’ ಸಾಹಸವನ್ನು 1983ರಲ್ಲಿ ಬರೆದ ಇಬ್ಬರಲ್ಲಿ ಲಾರಾ ಹಿಕ್‌ಮನ್ ಒಬ್ಬರು.

ಇನ್ನು ಆಡುವವರ ಬುದ್ಧಿ ಕೆಡುತ್ತದೆ ಎಂಬ ಭಯ. 1979ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ, ಕ್ಯಾಂಪಸ್ಸಿನ ಸುರಂಗಗಳಲ್ಲಿ ಈ ಆಟವಾಡಲು ಹೋಗಿ ಕಳೆದುಹೋದ ಎಂದು ಪತ್ರಿಕೆಗಳು ಬರೆದವು. ಅವನು ಖಿನ್ನತೆಯಿಂದ ಬಳಲುತ್ತಿದ್ದ, ಆಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅಷ್ಟರಲ್ಲಿ ವದಂತಿ ಕಾದಂಬರಿಯಾಗಿ, 1982ರಲ್ಲಿ ಟಾಮ್ ಹ್ಯಾಂಕ್ಸ್ ನಟಿಸಿದ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಎಂಬ ಟಿವಿ ಚಿತ್ರವಾಗಿ ಮನೆಮನೆ ತಲುಪಿತ್ತು.

ಅದೇ ಮಿಷಿಗನ್, ಹೆಚ್ಚುಕಡಿಮೆ ಅದೇ ಕಾಲ, ‘ಫ್ರೀಕ್ಸ್ ಅಂಡ್ ಗೀಕ್ಸ್’ ಧಾರಾವಾಹಿಯದ್ದೂ. ಪಾಲ್ ಫೀಗ್ ಬರೆದು ನಿರ್ದೇಶಿಸಿದ ಅದರ ಕೊನೆಯ ಕಂತು 2000ದಲ್ಲಿ ಪ್ರಸಾರವಾಯಿತು. ಶಾಲೆಯಲ್ಲಿ ಕೆಟ್ಟ ಹೆಸರು ಪಡೆದ ಡೇನಿಯಲ್ ಪುಸ್ತಕದ ಹುಳುಗಳೆನಿಸಿಕೊಂಡ ಹುಡುಗರ ಮೇಜಿಗೆ ಬಂದು ಕಾರ್ಲೋಸ್ ಎಂಬ ಕುಳ್ಳನ ಪಾತ್ರ ವಹಿಸುತ್ತಾನೆ. ಯಾರ ಬುದ್ಧಿಯೂ ಕೆಡುವುದಿಲ್ಲ. ಅವನಿಗೆ ಎಷ್ಟು ಖುಷಿಯಾಗುತ್ತದೆಂದರೆ ಮತ್ತೆ ಆಡೋಣ ಎನ್ನುತ್ತಾನೆ. ಇವನು ನಮ್ಮಂತಾದನೋ ನಾವೇ ಇವನಂತಾದೆವೋ ಎಂದು ಹುಡುಗರು ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ.