‘ಅಧ್ಯಕ್ಷರು ಇಲ್ವಾ?’

ಆಷಾಢದ ಮಳೆ ಮಲೆನಾಡಿನ ಅಡ್ಡಗದ್ದೆಯಲ್ಲಿ ಠಿಕಾಣಿ ಹೂಡಿದೆ. ಅಡಿಕೆಯ ಕೊಳೆರೋಗಕ್ಕೆ ಮತ್ತೊಂದು ಸಲ ಔಷಧಿ ಹೊಡೆಯಬೇಕು, ತೋಟದವರೆಲ್ಲ ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದಾರೆ. ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಒರಗಿಸಿಟ್ಟ ಕೊಡೆಗಳಿಂದ ನೀರು ಹರಿದು ಮೆಟ್ಟಿಲಿಗಿಳಿಯುತ್ತಿದೆ. ಒಳಗೆ ಒದ್ದೆ ಕಾಗದದ ವಾಸನೆ, ಹೋಗಿ ಬರುವ ಕರೆಂಟು.

ಅಜ್ಜರೊಬ್ಬರು ಬಾಗಿಲಲ್ಲೇ ನಿಂತು ಇಣುಕುತ್ತಾರೆ.

‘ಅಧ್ಯಕ್ಷರು ಇಲ್ವಾ?’

‘ಚಿಕ್ಕಮಗಳೂರಿಗೆ ಹೋಗಿದಾರೆ. ಉಪಾಧ್ಯಕ್ಷರಿದ್ದಾರೆ, ಬನ್ನಿ.’

‘ಹಂಗಾರೆ ನಾಡಿದ್ದು ಬರ್ತೀನಿ ಬಿಡಿ.’

‘ಬಂದವ್ರು ಕೂತ್ಕೊಳಿ ಅಜ್ಜ, ಏನಾಗ್ಬೇಕಿತ್ತು?’ ಎನ್ನುತ್ತಾ ಉಪಾಧ್ಯಕ್ಷೆಯೇ ಎದ್ದು ಬರುತ್ತಾರೆ. ಹಳ್ಳದ ಕಾಲುಸಂಕ ಅಲುಗಾಡುತ್ತಿದೆ, ಶಾಲೆ ಮಕ್ಕಳು ಅದರ ಮೇಲೇ ದಾಟುತ್ತಾರೆ. ಅಜ್ಜರ ಮಾತು ಮುಗಿಯುವ ಹೊತ್ತಿಗೆ ಅವರು ವಾರ್ಡಿನ ಸದಸ್ಯರಿಗೆ ಫೋನು ಮಾಡಿಯೂ ಆಗಿರುತ್ತದೆ.

ಇದು ಯಾವ ಅವಧಿಯಲ್ಲಾದರೂ, ಮಲೆನಾಡಿನ ಯಾವ ಪಂಚಾಯಿತಿಯಲ್ಲಾದರೂ ಕಾಣಬಹುದಾದ ನೋಟ. ಉಪಾಧ್ಯಕ್ಷರನ್ನೂ ಅಧ್ಯಕ್ಷರಂತೆಯೇ ಸದಸ್ಯರು ಮತ ಹಾಕಿ ಆರಿಸುತ್ತಾರೆ. ಮೀಸಲಾತಿಯೂ ಇಬ್ಬರಿಗೂ ಉಂಟು, ಮೂವತ್ತು ತಿಂಗಳ ಅವಧಿಯೂ ಇಬ್ಬರಿಗೂ ಒಂದೇ. ಆದರೆ ಧ್ವಜ ಏರಿಸುವವರು ಅಧ್ಯಕ್ಷರು, ಚೆಕ್ಕಿಗೆ ಪಿಡಿಒ ಜೊತೆ ಸಹಿ ಹಾಕುವವರೂ ಅವರೇ. ಉಪಾಧ್ಯಕ್ಷರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಎರಡನೇ ಸಾಲಿಗೆ ಬರುತ್ತದೆ, ಹಾರ ಹಾಕುವವರಿಗೆ ಕೆಲವೊಮ್ಮೆ ಮರೆತೂ ಹೋಗುತ್ತದೆ.

ದಿಲ್ಲಿಯಲ್ಲಿಯೂ ‘ಉಪ’ ಹುದ್ದೆಯ ಹಣೆಬರಹ ಹೆಚ್ಚು ಬೇರೆಯಲ್ಲ. ಕರ್ನಾಟಕದಿಂದ ಉಪರಾಷ್ಟ್ರಪತಿಯಾದವರು ಈವರೆಗೆ ಒಬ್ಬರೇ, ಬಿ.ಡಿ. ಜತ್ತಿ. ಜಮಖಂಡಿಯ ಪುರಸಭೆಯಿಂದ ಹೊರಟು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1974ರಲ್ಲಿ ಆ ಹುದ್ದೆ ತಲುಪಿದವರು. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಹಠಾತ್ತನೆ ತೀರಿಕೊಂಡಾಗ ದೇಶ ತುರ್ತು ಪರಿಸ್ಥಿತಿಯ ಕೊನೆಯ ದಿನಗಳಲ್ಲಿತ್ತು. ಚುನಾವಣೆ ನಡೆದು ಸರ್ಕಾರ ಬದಲಾಯಿತು; ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಹಂಗಾಮಿ ರಾಷ್ಟ್ರಪತಿ ಜತ್ತಿ. ಜುಲೈ 25ರವರೆಗೆ ಆ ಭಾರ ಹೊತ್ತು, ಮತ್ತೆ ತಮ್ಮ ಹಳೆಯ ಜಾಗಕ್ಕೆ ಮರಳಿದರು.

ಹಾಗೆಂದು ಉಪ ಎಂದರೆ ಬರೀ ಕಾಯುವವರಲ್ಲ. ಉಪರಾಷ್ಟ್ರಪತಿಗೆ ರಾಜ್ಯಸಭೆಯ ಸಭಾಪತಿ ಪೀಠ ಸ್ವಂತದ್ದು. ಗ್ರಾಮ ಪಂಚಾಯಿತಿಯ ಉಪಾಧ್ಯಕ್ಷರಿಗೂ ಅಂಥದ್ದೇ ಒಂದು ಉಂಟು. 1993ರ ಪಂಚಾಯತ್ ರಾಜ್ ಕಾಯ್ದೆ ಮೂರು ಸ್ಥಾಯಿ ಸಮಿತಿಗಳನ್ನು ಹೇಳುತ್ತದೆ: ಉತ್ಪಾದನೆ, ಸೌಕರ್ಯ, ಸಾಮಾಜಿಕ ನ್ಯಾಯ. ಮೊದಲೆರಡು ಅಧ್ಯಕ್ಷರ ಪಾಲಿಗೆ, ಸಾಮಾಜಿಕ ನ್ಯಾಯ ಸಮಿತಿ ಉಪಾಧ್ಯಕ್ಷರ ಪಾಲಿಗೆ. ಪರಿಶಿಷ್ಟರು, ಹಿಂದುಳಿದವರು, ಹೆಂಗಸರು, ಮಕ್ಕಳು ಇವರ ಹಿತ ಕಾಯುವುದು ಅದರ ಕೆಲಸ.

ಮನೆಗೊಂದು ಗುಡ್ಡ, ಗುಡ್ಡಕ್ಕೊಂದು ಹಳ್ಳ ಇರುವ ಈ ಸೀಮೆಯಲ್ಲಿ ಅದು ಸಣ್ಣ ಕೆಲಸವಲ್ಲ. ತೋಟವಿದ್ದವರ ದನಿ ಕಚೇರಿಗೆ ತಾನಾಗಿ ಬಂದು ಮುಟ್ಟುತ್ತದೆ. ಕಾಡಂಚಿನ ಹಾಡಿಯವರು, ಕೂಲಿ ಲೈನಿನವರು, ಮಳೆಗಾಲದಲ್ಲಿ ಸಂಕದಾಚೆ ಉಳಿದುಹೋದ ಮನೆಯ ಬಾಣಂತಿ ಇವರ ಮಾತನ್ನು ಯಾರಾದರೂ ಹೋಗಿ ಕೇಳಿಕೊಂಡು ಬರಬೇಕು. ಕಾಯ್ದೆ ಆ ಕೆಲಸಕ್ಕೆ ಬೊಟ್ಟು ಮಾಡಿರುವುದು ಎರಡನೇ ಕುರ್ಚಿಯವರನ್ನು.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಲೆಕ್ಕ ಕೇಳಿಯಾದ ಮೇಲೆ ಇನ್ನೊಂದು ಪ್ರಶ್ನೆ ಬಾಕಿ ಇರಲಿ. ಸಾಮಾಜಿಕ ನ್ಯಾಯ ಸಮಿತಿ ಯಾವಾಗ ಸೇರಿತ್ತು, ಏನು ತೀರ್ಮಾನಿಸಿತು? ಉಪಾಧ್ಯಕ್ಷರನ್ನು ಎದ್ದು ನಿಂತು ಉತ್ತರಿಸುವಂತೆ ಕೇಳುವುದೇ, ಹಾರಕ್ಕಿಂತ ದೊಡ್ಡ ಮರ್ಯಾದೆ.